ನಮ್ಮ ಅಹವಾಲು ಕೇಳುತ್ತೀರಿ, ನಿಮ್ಮ ಚರ್ಚೆಯೂ ನಮಗೆ ಕೇಳಲಿ

ಸರ್ಕಾರಿ ಆಯೋಗಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಕಾರ್ಯದರ್ಶಿಗಳಿಗೆ,

ನಮಸ್ಕಾರ.

ಇದು ಯಾವುದೋ ಒಂದು ಆಯೋಗದ ಮೇಲಿನ ದೂರು ಅಲ್ಲ. ವಿದ್ಯುತ್ ದರ ನಿಗದಿ ಮಾಡುವವರು, ದೂರಸಂಪರ್ಕದ ನಿಯಮ ಬರೆಯುವವರು, ನೌಕರರ ವೇತನ ಶಿಫಾರಸು ಮಾಡುವವರು, ಪರಿಸರ ಅನುಮತಿ ಕೊಡುವವರು, ಹೀಗೆ ಎಷ್ಟೋ ಆಯೋಗಗಳಿವೆ. ದೇಶ ಯಾವುದಾದರೂ ಕೆಲಸದ ರೀತಿ ಹೆಚ್ಚುಕಮ್ಮಿ ಒಂದೇ. ನಾಲ್ಕಾರು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಅಲ್ಲಿ ಆದ ತೀರ್ಮಾನ ಲಕ್ಷಾಂತರ ಮನೆಗಳ ಖರ್ಚನ್ನೋ, ಕೆಲಸವನ್ನೋ, ಕುಡಿಯುವ ನೀರನ್ನೋ ಮುಟ್ಟುತ್ತದೆ. ಹಾಗೆ ಕೂರುವ ಎಲ್ಲರಿಗೂ ಈ ಪತ್ರ.

ನನ್ನ ಕೋರಿಕೆ ಒಂದೇ. ನೀವು ಒಬ್ಬರಿಗೊಬ್ಬರು ಮಾತಾಡಿಕೊಂಡು ತೀರ್ಮಾನಕ್ಕೆ ಬರುವ ಸಭೆಯಲ್ಲಿ ನಮಗೂ ಕೂರಲು ಬಿಡಿ. ಮಾತಾಡಲು ಅಲ್ಲ. ನೋಡಲು, ಕೇಳಲು.

"ನಾವು ಸಾರ್ವಜನಿಕ ವಿಚಾರಣೆ ನಡೆಸುತ್ತೇವಲ್ಲ" ಎಂದು ನೀವು ಹೇಳಬಹುದು. ಹೌದು, ನಿಮ್ಮಲ್ಲಿ ಹಲವರು ನಡೆಸುತ್ತೀರಿ. ಅದು ಸಣ್ಣ ವಿಷಯವಲ್ಲ. ಆದರೆ ವಿಚಾರಣೆ ಬೇರೆ, ಸಭೆ ಬೇರೆ. ವಿಚಾರಣೆಯಲ್ಲಿ ಜನ ಮಾತಾಡುತ್ತಾರೆ, ನೀವು ಕೇಳುತ್ತೀರಿ, ಸಿಬ್ಬಂದಿ ಬರೆದುಕೊಳ್ಳುತ್ತಾರೆ. ನೀವು ಮಾತಾಡುವುದು ಆಮೇಲೆ, ಬಾಗಿಲು ಹಾಕಿಕೊಂಡ ಮೇಲೆ. ನಾವು ಹೇಳಿದ್ದರಲ್ಲಿ ಯಾವುದು ನಿಮ್ಮನ್ನು ತಟ್ಟಿತು, ಯಾವುದು ನಿಲ್ಲಲಿಲ್ಲ, ಯಾರು ಅದರ ಪರ ನಿಂತರು, ಯಾರು ಬೇಡವೆಂದರು, ಅಧಿಕಾರಿಗಳು ಮುಂದಿಟ್ಟ ಅಂಕಿಅಂಶವನ್ನು ಯಾರಾದರೂ ಪ್ರಶ್ನಿಸಿದರಾ, ಇದೆಲ್ಲ ಅಲ್ಲಿ ನಡೆಯುತ್ತದೆ. ಕೆಲವು ವಾರ ಬಿಟ್ಟು ಆದೇಶ ಬರುತ್ತದೆ. ಎಷ್ಟೋ ಸಲ ಅದರಲ್ಲಿ "ಸ್ವೀಕರಿಸಿದ ಎಲ್ಲ ಆಕ್ಷೇಪಣೆಗಳನ್ನು ಪರಿಶೀಲಿಸಲಾಗಿದೆ" ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ನಾನು ಕೊಟ್ಟ ಆಕ್ಷೇಪಣೆಗೂ ಹೀಗೊಂದು ಸಾಲು ಬಂದದ್ದಿದೆ. ಪರಿಶೀಲಿಸಿದ್ದೀರಿ ಎಂದೇ ನಂಬುತ್ತೇನೆ. ಹೇಗೆ ಪರಿಶೀಲಿಸಿದಿರಿ ಎನ್ನುವುದು ಕಾಣಲಿಲ್ಲ. ಲೆಕ್ಕ ಬಿಡಿಸಿದ ಹಾಳೆ ತೆಗೆದಿಟ್ಟು ಬರೀ ಉತ್ತರ ತೋರಿಸಿದ ಹಾಗೆ ಆಯಿತು. ಉತ್ತರ ಸರಿಯೇ ಇರಬಹುದು. ಆದರೆ ಎಲ್ಲಿ ತಪ್ಪಿತು, ಎಲ್ಲಿ ಸರಿಯಾಯಿತು ಎಂದು ಯಾರಿಗೂ ಹೇಳಲು ಆಗುವುದಿಲ್ಲ.

ಶಾಸಕರು ಮಾಡಿದ್ದು ಹಿಡಿಸದಿದ್ದರೆ ಜನರಿಗೆ ಮುಂದಿನ ಚುನಾವಣೆ ಇದೆ. ನಿಮ್ಮ ವಿಷಯದಲ್ಲಿ ಅದಿಲ್ಲ. ನಿಮ್ಮನ್ನು ನೇಮಕ ಮಾಡುತ್ತಾರೆ. ಸಾಮಾನ್ಯವಾಗಿ ಅವಧಿ ಗೊತ್ತಾಗಿರುತ್ತದೆ, ನಡುವೆ ಸುಲಭವಾಗಿ ತೆಗೆಯುವಂತಿಲ್ಲ. ಈ ರಕ್ಷಣೆ ಬೇಕೇ ಬೇಕು. ಮಂತ್ರಿಯೊಬ್ಬರ ಫೋನ್ ಬಂದ ಕೂಡಲೇ ಬದಲಾಗುವ ಆಯೋಗ ಯಾರಿಗೂ ಬೇಡ. ಆದರೆ ಚುನಾವಣೆಯ ಅಂಕೆ ಇಲ್ಲ, ಸರ್ಕಾರದ ಅಂಕೆಯೂ ಕಡಿಮೆ ಎಂದಾದಾಗ ಉಳಿಯುವುದು ಜನರ ಕಣ್ಣು ಮಾತ್ರ. ಶಾಸನಸಭೆಗೆ ಪ್ರೇಕ್ಷಕರ ಗ್ಯಾಲರಿ ಇದೆ. ನ್ಯಾಯಾಲಯಕ್ಕೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಶಾಸನಸಭೆಯ ಹಾಗೆ ನಿಯಮ ಮಾಡುವ, ನ್ಯಾಯಾಲಯದ ಹಾಗೆ ವ್ಯಾಜ್ಯ ತೀರಿಸುವ ಆಯೋಗ ಮಾತ್ರ ಯಾಕೆ ಬಾಗಿಲು ಹಾಕಿಕೊಳ್ಳಬೇಕು?

ಶಾಸನಸಭೆಗಳ ಬಾಗಿಲೂ ತಾನಾಗಿ ತೆರೆಯಲಿಲ್ಲ. 1771ರಲ್ಲಿ ಬ್ರಿಟನ್ನಿನ ಸಂಸತ್ತು, ತನ್ನ ಚರ್ಚೆಯನ್ನು ಅಚ್ಚು ಹಾಕಿದ ಮುದ್ರಕರನ್ನು ಹಿಡಿಯಲು ಹೊರಟಿತ್ತು. ಅವರಿಗೆ ರಕ್ಷಣೆ ಕೊಟ್ಟ ಲಂಡನ್ನಿನ ಮೇಯರ್ ಬ್ರಾಸ್ ಕ್ರಾಸ್ಬಿಯವರನ್ನೇ ಟವರ್ ಆಫ್ ಲಂಡನ್ನಿನಲ್ಲಿ ಕೂಡಿಹಾಕಿತು. ಜನ ಬೀದಿಗಿಳಿದರು. ಅದಾದ ಮೇಲೆ ಚರ್ಚೆಯ ವರದಿಯನ್ನು ತಡೆಯುವ ಗೋಜಿಗೆ ಸಂಸತ್ತು ಹೋಗಲಿಲ್ಲ. ಇವತ್ತು ಸಂಸತ್ತಿನ ಮಾತು ಗುಟ್ಟಾಗಿರಬೇಕು ಎಂದು ಯಾರಾದರೂ ವಾದಿಸಿದರೆ ನಾವು ಬೆರಗಾಗುತ್ತೇವೆ. ಆಯೋಗಗಳ ವಿಷಯದಲ್ಲಿ ಅದೇ ಗುಟ್ಟು ನಮಗೆ ಸಹಜ ಅನಿಸಿಬಿಟ್ಟಿದೆ.

ಬಾಗಿಲು ತೆರೆಯುವುದಕ್ಕೆ ಇರುವ ಗಟ್ಟಿ ಆಕ್ಷೇಪ ಒಂದೇ: ಜನ ಎದುರಿಗಿದ್ದರೆ ಸದಸ್ಯರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಇದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆದವರು ಬಾಗಿಲಿಗೆ ಕಾವಲು ಹಾಕಿಕೊಂಡೇ ಬರೆದರು. ಒಳಗಿನ ಮಾತು ಹೊರಗೆ ಹೇಳಬಾರದು ಎಂದು ನಿಯಮ ಮಾಡಿಕೊಂಡಿದ್ದರು. ಹಾಗಿದ್ದರಿಂದಲೇ ಅಭಿಪ್ರಾಯ ಬದಲಿಸಲು, ರಾಜಿಗೆ ಬರಲು ಆಯಿತು ಎಂದು ಹೇಳುವವರಿದ್ದಾರೆ. ಆದರೆ ಅದರ ಬೆಲೆಯೂ ನೋಡಿ. ಆ ಚರ್ಚೆಯ ಬಗ್ಗೆ ಅಲ್ಲೇ ಸದಸ್ಯರಾಗಿದ್ದ ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ವಿವರವಾದ ಟಿಪ್ಪಣಿ ಅಚ್ಚಾಗಿದ್ದು 1840ರಲ್ಲಿ. ಅಷ್ಟು ಹೊತ್ತಿಗೆ ಅವರೇ ತೀರಿಕೊಂಡಿದ್ದರು. ಆ ಸಂವಿಧಾನದ ಅಡಿಯಲ್ಲಿ ಬದುಕಿದ ಒಂದಿಡೀ ತಲೆಮಾರಿಗೆ ಅದು ಹೇಗೆ ಹುಟ್ಟಿತು ಎಂದು ಪೂರ್ತಿ ಓದಲು ಸಿಗಲೇ ಇಲ್ಲ.

ಭಾರತದ ಸಂವಿಧಾನ ಸಭೆ ಬೇರೆ ದಾರಿ ಹಿಡಿಯಿತು. ಅದರ ಅಧಿವೇಶನಗಳನ್ನು ಜನ ಗ್ಯಾಲರಿಯಲ್ಲಿ ಕೂತು ನೋಡಿದರು. ಸಂವಿಧಾನದ ಚರ್ಚೆ ನಡೆದ ಅವಧಿಯಲ್ಲಿ 53,000 ಮಂದಿಗೆ ಪ್ರವೇಶ ಕೊಡಲಾಗಿತ್ತು ಎಂದು 1949ರ ನವೆಂಬರ್ 26ರಂದು ರಾಜೇಂದ್ರ ಪ್ರಸಾದ್ ಅವರು ಸಭೆಗೆ ತಿಳಿಸಿದರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಭಾಷೆ, ಆಸ್ತಿ, ಮೀಸಲಾತಿಯಂಥ ಬಿಸಿ ವಿಷಯಗಳ ಮೇಲೆ ಸದಸ್ಯರು ಜನರ ಎದುರಿಗೇ ಜಗಳವಾಡಿದರು, ಮನಸ್ಸು ಬದಲಿಸಿದರು, ತಿದ್ದುಪಡಿ ವಾಪಸ್ ತೆಗೆದುಕೊಂಡರು. ಮಾತು ಒಣಗಲಿಲ್ಲ. ಕರಡು ಸಮಿತಿ ಮತ್ತು ಇತರ ಸಮಿತಿಗಳ ಕೆಲಸ ಜನರ ಎದುರಿಗೆ ನಡೆಯಲಿಲ್ಲ, ನಿಜ. ಆದರೆ ಆ ಕರಡನ್ನು 1948ರ ಆರಂಭದಲ್ಲೇ ಪ್ರಕಟಿಸಿದರು. ಅದು ಎಂಟು ತಿಂಗಳು ಜನರ ಮುಂದಿತ್ತು ಎಂದು ಹೇಳಿಯೇ ಅಂಬೇಡ್ಕರ್ ಅದನ್ನು ಸಭೆಯಲ್ಲಿ ಮಂಡಿಸಿದರು. ಒಳಗೆ ಕೂತು ಕರಡು ಬರೆಯಲಿ, ತಪ್ಪಿಲ್ಲ. ಕರಡು ಎಲ್ಲರಿಗೂ ಸಿಗಲಿ, ತೂಗಿ ನೋಡಿ ಒಪ್ಪುವ ಕೆಲಸ ಎಲ್ಲರೆದುರು ನಡೆಯಲಿ. ಒಂದು ದೇಶದ ಸಂವಿಧಾನಕ್ಕೆ ಇದು ಸಾಧ್ಯವಾದರೆ ಒಂದು ಆಯೋಗದ ದರಪಟ್ಟಿಗೆ ಸಾಧ್ಯವಾಗಬೇಕು.

ಆದರೂ ಆ ಆಕ್ಷೇಪಕ್ಕೆ ಪುರಾವೆ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಮೆರಿಕದ ಕೇಂದ್ರ ಬ್ಯಾಂಕಿನಲ್ಲಿ ಬಡ್ಡಿದರ ತೀರ್ಮಾನಿಸುವ ಸಮಿತಿಯೊಂದಿದೆ. ಅದರ ಸಭೆಗಳ ಮಾತು ಟೇಪಾಗಿ, ಅಕ್ಷರಶಃ ಬರಹವಾಗಿ ಉಳಿದಿದೆ ಎನ್ನುವುದು 1993ರಲ್ಲಿ ಹೊರಬಂತು. ಆಮೇಲೆ ಐದು ವರ್ಷ ಕಳೆದ ದಾಖಲೆಯನ್ನು ಪ್ರಕಟಿಸುವ ಕ್ರಮ ಬಂತು. ಅದಕ್ಕಿಂತ ಮೊದಲಿನ ಚರ್ಚೆಯನ್ನೂ ನಂತರದ ಚರ್ಚೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅರ್ಥಶಾಸ್ತ್ರಜ್ಞರಿಗೆ ಎರಡು ಬದಲಾವಣೆ ಕಂಡವು. ಹೊಸ ಸದಸ್ಯರು ಮೊದಲಿಗಿಂತ ಜಾಸ್ತಿ ತಯಾರಿ ಮಾಡಿಕೊಂಡು, ಅಂಕಿಅಂಶ ಹಿಡಿದುಕೊಂಡು ಬರತೊಡಗಿದರು. ಜೊತೆಗೆ ಗುಂಪಿನ ಮಾತಿಗೆ ತಲೆಯಾಡಿಸುವುದೂ ಹೆಚ್ಚಾಯಿತು. ಅಂದರೆ ಲಾಭವೂ ಇದೆ, ನಷ್ಟವೂ ಇದೆ.

ನಷ್ಟ ಇದೆ ಎಂದು ಬಾಗಿಲು ಮುಚ್ಚಬೇಕಾಗಿಲ್ಲ. ಭಿನ್ನಾಭಿಪ್ರಾಯ ಹೇಳುವುದು ಸುಲಭವಾಗುವಂತೆ ಸಭೆ ನಡೆಸಬೇಕು. ಅದು ಅಧ್ಯಕ್ಷರ ಕೈಯಲ್ಲಿದೆ. ಮೊದಲು ಅಧ್ಯಕ್ಷರೇ ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಹೊಸಬರು ಯಾಕೆ ಬಾಯಿ ಬಿಡುತ್ತಾರೆ? ಹೊಸ ಸದಸ್ಯರಿಂದ ಶುರು ಮಾಡಿ, ಅಧ್ಯಕ್ಷರು ಕೊನೆಗೆ ಮಾತಾಡಲಿ. ಸಿಬ್ಬಂದಿ ತಯಾರಿಸುವ ಟಿಪ್ಪಣಿಯಲ್ಲಿ ಒಂದೇ ಶಿಫಾರಸು ಬೇಡ. ಎರಡು ಮೂರು ದಾರಿ ಇರಲಿ, ಪ್ರತಿಯೊಂದರ ಒಳಿತು ಕೆಡುಕು ಬರೆದಿರಲಿ. ಆಗ ಒಬ್ಬ ಸದಸ್ಯ "ಎರಡನೆಯದು ನನಗೆ ಒಳ್ಳೆಯದು ಅನಿಸುತ್ತದೆ" ಎಂದರೆ ಅದು ಬಂಡಾಯದಂತೆ ಕಾಣುವುದಿಲ್ಲ. ಸಭೆಯ ನಡುವೆ ಮನಸ್ಸು ಬದಲಿಸಿದ ಸದಸ್ಯರನ್ನು ಹಗುರವಾಗಿ ನೋಡದಿರುವ ಹೊಣೆ ನಮ್ಮದು, ಪತ್ರಿಕೆಗಳದ್ದು. ವಾದ ಕೇಳಿ ಮನಸ್ಸು ಬದಲಿಸುವವರೇ ಆಯೋಗದಲ್ಲಿ ಇರಬೇಕಾದವರು.

ಇನ್ನೊಂದು ಮಾತು. ಮುಚ್ಚಿದ ಬಾಗಿಲು ಎಲ್ಲರಿಗೂ ಒಂದೇ ಥರ ಮುಚ್ಚಿರುವುದಿಲ್ಲ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಸಲಹೆಗಾರರಿದ್ದಾರೆ, ನಿವೃತ್ತ ಅಧಿಕಾರಿಗಳ ಪರಿಚಯವಿದೆ. ಸಭೆಯಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಅವರಿಗೆ ಹೇಗೋ ತಿಳಿಯುತ್ತದೆ. ತಿಳಿಯದೆ ಉಳಿಯುವವರು ಬಳಕೆದಾರರು, ಕೂಲಿ ಕಾರ್ಮಿಕರು, ಯೋಜನೆಗೆ ಜಮೀನು ಹೋಗುವ ರೈತರು. ಸಭೆ ತೆರೆದರೂ ಹಿಂದಿನ ಸಾಲಿನಲ್ಲಿ ಕಂಪನಿಗಳ ಜನವೇ ಜಾಸ್ತಿ ಕೂರಬಹುದು, ಅದು ನನಗೆ ಗೊತ್ತು. ಆದರೆ ಅವರ ಪಕ್ಕದಲ್ಲಿ ಒಬ್ಬ ವರದಿಗಾರ, ಒಬ್ಬ ವಿದ್ಯಾರ್ಥಿ, ಒಂದು ಬಳಕೆದಾರರ ಸಂಘದ ಸದಸ್ಯೆ ಕೂತರೂ ಸಾಕು, ಕಂಪನಿಗಳಿಗೆ ಮಾತ್ರ ಗೊತ್ತಿದ್ದ ಮಾತು ಎಲ್ಲರ ಮಾತಾಗುತ್ತದೆ.

ಕಾನೂನು ಈ ಬಗ್ಗೆ ಏನು ಹೇಳುತ್ತದೆ? ದೇಶದಿಂದ ದೇಶಕ್ಕೆ ಬೇರೆಬೇರೆ. ಅಮೆರಿಕದಲ್ಲಿ 1976ರ ಸನ್‌ಶೈನ್ ಕಾಯ್ದೆ ಬಂದ ಮೇಲೆ ಹಲವು ಸದಸ್ಯರಿರುವ ಕೇಂದ್ರದ ಆಯೋಗಗಳ ಸಭೆ ತೆರೆದಿರುವುದೇ ನಿಯಮ, ಮುಚ್ಚುವುದು ಅಪವಾದ. ಯಾವ ಕಾರಣಕ್ಕೆ ಮುಚ್ಚಬಹುದು ಎಂದು ಹತ್ತು ಕಾರಣಗಳನ್ನು ಕಾಯ್ದೆಯೇ ಹೇಳಿದೆ. ಮುಚ್ಚಬೇಕಾದರೆ ಸದಸ್ಯರು ಮತ ಹಾಕಬೇಕು, ಯಾರು ಹೇಗೆ ಮತ ಹಾಕಿದರು ಎಂದು ಪ್ರಕಟಿಸಬೇಕು. ಮುಚ್ಚಿದ ಸಭೆಯ ದಾಖಲೆಯನ್ನೂ ಇಡಬೇಕು.

ಭಾರತದ ಮಾಹಿತಿ ಹಕ್ಕು ಕಾಯ್ದೆ, 2005ರಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ನಾಲ್ಕನೇ ಸೆಕ್ಷನ್ನಿನ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಸಮಿತಿಗಳ ಪಟ್ಟಿ ಪ್ರಕಟಿಸಬೇಕು. ಅವುಗಳ ಸಭೆಗೆ ಜನ ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂದೂ ಹೇಳಬೇಕು. ಗಮನಿಸಿ, ಹೇಳಬೇಕು ಅಷ್ಟೇ. ತೆರೆಯಲೇಬೇಕು ಎಂದಿಲ್ಲ. "ಪ್ರವೇಶವಿಲ್ಲ" ಎಂದು ಬರೆದರೂ ಆ ಅಂಶ ಪಾಲಿಸಿದ ಹಾಗೆಯೇ. ಅದೇ ದೇಶದ ವಿದ್ಯುತ್ ಕಾಯ್ದೆ, 2003 ರಾಜ್ಯ ಆಯೋಗಗಳು ಪಾರದರ್ಶಕವಾಗಿ ಕೆಲಸ ಮಾಡಬೇಕು ಎನ್ನುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಕಾಯ್ದೆಯಲ್ಲೂ ಅಂಥದ್ದೇ ಮಾತಿದೆ. ಇನ್ನು ಗ್ರಾಮಸಭೆಗೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಊರಿನ ಪ್ರತಿಯೊಬ್ಬರೂ ಸದಸ್ಯರೇ. ಹಳ್ಳಿಯ ಚರಂಡಿಯ ಬಗ್ಗೆ ಎಲ್ಲರೆದುರು ಮಾತಾಡಬೇಕು ಎನ್ನುವ ವ್ಯವಸ್ಥೆಯಲ್ಲಿ, ಇಡೀ ರಾಜ್ಯದ ದರದ ಬಗ್ಗೆ ಮುಚ್ಚಿದ ಕೋಣೆಯಲ್ಲಿ ಮಾತಾಡಬಹುದು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಕಾಯ್ದೆ ಒಂದೇ ಸಾಲದು. ಅಮೆರಿಕದಲ್ಲಿ ದೂರಸಂಪರ್ಕ, ಪ್ರಸಾರ ನೋಡಿಕೊಳ್ಳುವ ಸಂಪರ್ಕ ಆಯೋಗದಲ್ಲಿ ಐದು ಸದಸ್ಯ ಸ್ಥಾನಗಳಿವೆ. ಮೂರು ಜನ ಸೇರಿದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಸೇರಿದ ಹಾಗೆ; ಆಗ ಅದು ಸಭೆಯೇ ಆಗುತ್ತದೆ. ಹಾಗಾಗಿ ಆಯೋಗದ ವಿಷಯವನ್ನು ಇಬ್ಬರಿಗಿಂತ ಹೆಚ್ಚು ಸದಸ್ಯರು ಹೊರಗೆ ಚರ್ಚಿಸುವಂತಿಲ್ಲ. ಇಂಥ ನಿಯಮ ಇರುವ ಕಡೆ ಏನಾಗುತ್ತದೆ ಗೊತ್ತಾ? ಇಬ್ಬಿಬ್ಬರೇ ಮಾತಾಡಿಕೊಳ್ಳುತ್ತಾರೆ. ಸದಸ್ಯರ ಬದಲು ಅವರ ಸಿಬ್ಬಂದಿ ಓಡಾಡಿ ರಾಜಿ ಮಾಡಿಸುತ್ತಾರೆ. ಕಡತವನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ತೆರೆದ ಸಭೆಯಲ್ಲಿ ಉಳಿಯುವುದು ಮೊದಲೇ ಬರೆದಿಟ್ಟ ಭಾಷಣ. ಈ ದೂರು ಅಲ್ಲಿ ಹಳೆಯದು. ಅದಕ್ಕೇ ಬಾಗಿಲು ತೆರೆಯಿರಿ ಎನ್ನುವಾಗ ಜೊತೆಗೇ ಕೇಳಿಕೊಳ್ಳುತ್ತೇನೆ, ಚರ್ಚೆಯನ್ನೂ ಆ ಕೋಣೆಗೆ ತನ್ನಿ. ಹೀಗೆ ಕಡತ ಕಳಿಸಿಯೇ ತೀರ್ಮಾನವಾದ ವಿಷಯವಿದ್ದರೆ ಮುಂದಿನ ಸಭೆಯಲ್ಲಿ ಓದಿ ಹೇಳಿ, ಅಷ್ಟು ತುರ್ತು ಏನಿತ್ತು ಎಂದೂ ತಿಳಿಸಿ.

ನೋಟಿಸಿನ ವಿಷಯಕ್ಕೆ ಬರುತ್ತೇನೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ನನ್ನ ಮಟ್ಟಿಗೆ ಅರ್ಧ ಹೋರಾಟ ಇದೇ. ಸಭೆ ಇರುವುದೇ ಗೊತ್ತಾಗದಿದ್ದರೆ ತೆರೆದ ಬಾಗಿಲಿನಿಂದ ಯಾರಿಗೆ ಉಪಯೋಗ? ಸನ್‌ಶೈನ್ ಕಾಯ್ದೆ ಒಂದು ವಾರ ಮೊದಲು ತಿಳಿಸಬೇಕು ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳಿಗೆ 1953ರಿಂದ ಬ್ರೌನ್ ಕಾಯ್ದೆ ಎನ್ನುವುದಿದೆ. ಈಗ ಅದರ ಪ್ರಕಾರ ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಹಾಕಬೇಕು. ಕೆಲವು ಅಪವಾದ ಬಿಟ್ಟರೆ ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ಈ ಎರಡನೇ ಭಾಗ ನನಗೆ ಬಹಳ ಇಷ್ಟ. ಯಾಕೆಂದರೆ ಕಾರ್ಯಸೂಚಿಯ ಕೊನೆಯಲ್ಲಿ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಎಂದು ಇರುತ್ತದಲ್ಲ, ಯಾವ ವಿಷಯ ಬೇಕಾದರೂ ಆ ಸಾಲಿನೊಳಗೆ ಬಂದು ಹೋಗಬಹುದು. ಚಹಾ ಭತ್ಯೆಯೂ ಅಲ್ಲೇ, ಕೋಟಿಗಟ್ಟಲೆ ರೂಪಾಯಿಯ ಗುತ್ತಿಗೆಯೂ ಅಲ್ಲೇ. ಆ ಸಾಲನ್ನು ತೆಗೆದುಹಾಕಿ, ಇಲ್ಲವೇ ಅದರಡಿ ಚರ್ಚೆ ಮಾತ್ರ ಆಗಲಿ, ತೀರ್ಮಾನ ಬೇಡ.

ಕಾರ್ಯಸೂಚಿಯ ಜೊತೆ ಟಿಪ್ಪಣಿಗಳನ್ನೂ ಕೊಡಿ. ಸದಸ್ಯರು "ಪುಟ 14ರ ಕೋಷ್ಟಕದಲ್ಲಿ" ಎಂದು ಮಾತಾಡುವಾಗ ಹಿಂದೆ ಕೂತವರ ಕೈಯಲ್ಲಿ ಪುಟ 14 ಇಲ್ಲದಿದ್ದರೆ ಅವರು ಬಂದದ್ದು ಬರೀ ಮುಖ ನೋಡಲು ಎಂದಾಗುತ್ತದೆ. ಜನ ಓದುವ ಭಾಷೆಯಲ್ಲೂ ಕೊಡಿ. ಇಡೀ ಕಡತ ಅನುವಾದ ಮಾಡಲು ಆಗದಿದ್ದರೆ ಎರಡು ಪುಟದ ಸಾರಾಂಶವಾದರೂ ಇರಲಿ.

ಬಂದವರನ್ನು ಹೇಗೆ ನಡೆಸಿಕೊಳ್ಳಬೇಕು ಎನ್ನುವುದೂ ಮುಖ್ಯ. ಹೆಸರು, ವಿಳಾಸ ಬರೆದುಕೊಟ್ಟರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುವಂತಿಲ್ಲ ಎಂದು ಬ್ರೌನ್ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಭದ್ರತಾ ತಪಾಸಣೆ ಬೇರೆ ವಿಷಯ, ಅದು ಇರಲಿ. ಆದರೆ "ಯಾರು ನೀವು, ಯಾಕೆ ಬಂದಿರಿ, ಯಾವ ಸಂಘಟನೆ" ಎಂದು ಬಾಗಿಲಲ್ಲೇ ಕೇಳಿದರೆ ಸಾಮಾನ್ಯ ಮನುಷ್ಯ ಅಲ್ಲಿಂದಲೇ ತಿರುಗಿ ಹೋಗುತ್ತಾನೆ. ಹಿಡಿಸದವರನ್ನು ಮಾತ್ರ ಹೊರಗಿಡುವ ಅಭ್ಯಾಸವೂ ಹಳೆಯದು. ಬ್ರಿಟನ್ನಿನಲ್ಲಿ ಮುದ್ರಣ ಕಾರ್ಮಿಕರ ಮುಷ್ಕರದ ವೇಳೆ ಕೆಲವು ಸ್ಥಳೀಯ ಸಂಸ್ಥೆಗಳು ತಮಗಾಗದ ಪತ್ರಿಕೆಗಳ ವರದಿಗಾರರನ್ನು ಸಭೆಯಿಂದ ಹೊರಗಿಟ್ಟಿದ್ದವು. ಅದನ್ನು ತಡೆಯಲೆಂದು ಹೊಸ ಸಂಸದೆಯೊಬ್ಬರು ಖಾಸಗಿ ಮಸೂದೆ ತಂದರು. ಅದು 1960ರಲ್ಲಿ ಕಾಯ್ದೆಯಾಯಿತು. ಆಕೆ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್. ಸಂಸತ್ತಿನಲ್ಲಿ ಅವರ ಮೊದಲ ಭಾಷಣವೇ ಆ ಮಸೂದೆಯ ಮೇಲೆ. ಅವರ ಮುಂದಿನ ರಾಜಕೀಯ ಯಾರಿಗೆ ಹಿಡಿಸಲಿ ಬಿಡಲಿ, ಆ ಮಸೂದೆಯ ಉದ್ದೇಶ ಸರಿಯಾಗಿತ್ತು.

ಗಲಾಟೆ ಮಾಡುವವರು ಬಂದರೆ? ಎಚ್ಚರಿಸಿ, ಕೇಳದಿದ್ದರೆ ಹೊರಗೆ ಕಳಿಸಿ. ಆ ಅಧಿಕಾರ ನಿಮಗೆ ಇರಲೇಬೇಕು. ಯಾರೂ ಬರದಿದ್ದರೆ? ಕುರ್ಚಿ ಖಾಲಿ ಇರಲಿ, ನಷ್ಟವಿಲ್ಲ.

ಬರಲಾಗದವರಿಗೆ ನೇರ ಪ್ರಸಾರ ಬೇಕು. ದಿನಗೂಲಿ ಬಿಟ್ಟು ರಾಜಧಾನಿಗೆ ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಅಂಗವಿಕಲರಿಗೆ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಇನ್ನೂ ಕಷ್ಟ. ಭಾರತದ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 27ರಂದು ಸಂವಿಧಾನ ಪೀಠದ ವಿಚಾರಣೆಯ ನೇರ ಪ್ರಸಾರ ಶುರು ಮಾಡಿತು. ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಇದು ಭಾರವಾಗದಿದ್ದರೆ ಆಯೋಗಕ್ಕೂ ಭಾರವಾಗಬಾರದು ಅಲ್ವಾ? 2020ರ ಲಾಕ್‌ಡೌನ್ ಕಾಲದಲ್ಲಿ ನಿಮ್ಮಲ್ಲಿ ಎಷ್ಟೋ ಜನ ವಿಡಿಯೊದಲ್ಲೇ ಸಭೆ ನಡೆಸಿದ್ದೀರಿ. ಸಲಕರಣೆಯೂ ಇದೆ, ಅಭ್ಯಾಸವೂ ಆಗಿದೆ. ಪ್ರಸಾರ ಮಾಡಿದ್ದನ್ನು ಮರುದಿನ ಅಳಿಸಬೇಡಿ. ಮತ್ತೆ ನೋಡಲು ಸಿಗುವಂತೆ ಇಡಿ. ಹಾಗೆಂದು ಕೋಣೆಯ ಬಾಗಿಲು ಮುಚ್ಚಿ ಪ್ರಸಾರ ಒಂದೇ ಸಾಕು ಎನ್ನುವುದು ಬೇಡ. ಕ್ಯಾಮೆರಾ ಯಾರ ಕಡೆ ತಿರುಗಬೇಕು, ಮೈಕು ಯಾವಾಗ ಆಫ್ ಆಗಬೇಕು ಎಂದು ನಿರ್ಧರಿಸುವವರು ನೀವೇ ಆಗಿರುತ್ತೀರಿ.

ಎಲ್ಲವನ್ನೂ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳು ಆಯೋಗದ ಮುಂದೆ ಹೇಳಿಕೆ ಕೊಡುವಾಗ ಅಲ್ಲಿ ಒಬ್ಬ ಅಪರಿಚಿತನೂ ಇರಬಾರದು. ಇದರಲ್ಲಿ ಚೌಕಾಸಿ ಇಲ್ಲ. ಮಕ್ಕಳ ಪ್ರಕರಣ, ಯಾರದೋ ಕಾಯಿಲೆಯ ವಿವರ, ಪರೀಕ್ಷೆಯ ಪ್ರಶ್ನೆಪತ್ರಿಕೆ, ನಡೆಯುತ್ತಿರುವ ತನಿಖೆ, ದೂರು ಕೊಟ್ಟ ನೌಕರರ ಗುರುತು, ಇವಕ್ಕೆ ಬಾಗಿಲು ಮುಚ್ಚಲೇಬೇಕು. ಆದರೆ ಆ ಭಾಗಕ್ಕೆ ಮಾತ್ರ ಮುಚ್ಚಿ, ಮಿಕ್ಕ ಸಭೆಗಲ್ಲ. ಮುಚ್ಚುವ ಮೊದಲು ಯಾವ ಕಾರಣಕ್ಕೆ ಎಂದು ಎಲ್ಲರೆದುರು ಹೇಳಿ. ಅದಕ್ಕೆ ಮತ ಹಾಕಿ. ಒಳಗೆ ನಡೆದದ್ದನ್ನು ದಾಖಲಿಸಿ ಇಡಿ. ಕಾರಣ ಮುಗಿದ ದಿನ ಆ ದಾಖಲೆ ಹೊರಬರಲಿ. ತನಿಖೆ ಮುಗಿದ ಮೇಲೂ, ಪರೀಕ್ಷೆ ಮುಗಿದ ಮೇಲೂ ಗುಟ್ಟು ಯಾಕೆ? ನೊಂದವರ ಹೆಸರು ಮಾತ್ರ ಎಂದಿಗೂ ಹೊರಬರಬಾರದು.

"ವ್ಯಾಪಾರದ ಗುಟ್ಟು" ಎಂಬ ಕಾರಣದ ಬಗ್ಗೆ ಸ್ವಲ್ಪ ಹುಷಾರಾಗಿರಿ ಎಂದು ಕೇಳಿಕೊಳ್ಳುತ್ತೇನೆ. ಕಂಪನಿ ಹೇಳಿದ್ದನ್ನೆಲ್ಲ ಗುಟ್ಟು ಎಂದು ಒಪ್ಪಿದರೆ ದರ ನಿಗದಿಯ ಸಭೆಯಲ್ಲಿ ತೆರೆದಿಡಲು ಏನೂ ಉಳಿಯುವುದಿಲ್ಲ. ಯಾವ ಅಂಕಿ, ಯಾಕೆ, ಎಷ್ಟು ಕಾಲ ಗುಟ್ಟಾಗಿರಬೇಕು ಎಂದು ಅವರೇ ಬರೆದು ಕೊಡಲಿ. ನೀವು ಒಂದೊಂದನ್ನೂ ನೋಡಿ ತೀರ್ಮಾನಿಸಿ.

ಕೊನೆಯದಾಗಿ ನಡಾವಳಿ. ಮುಂದಿನ ಸಭೆಗೆ ಮೊದಲೇ ಹಿಂದಿನ ಸಭೆಯ ಕರಡು ನಡಾವಳಿ ಪ್ರಕಟವಾಗಲಿ. "ಚರ್ಚಿಸಿ ಅನುಮೋದಿಸಲಾಯಿತು" ಎಂದಷ್ಟೇ ಇದ್ದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರು ಯಾವ ಪ್ರಶ್ನೆ ಎತ್ತಿದರು, ಯಾವ ಉತ್ತರ ಬಂತು, ಯಾರು ಒಪ್ಪಲಿಲ್ಲ, ಯಾರು ವಿಷಯದಲ್ಲಿ ಸ್ವಂತ ಹಿತ ಇದೆ ಎಂದು ಎದ್ದು ಹೊರಗೆ ಹೋದರು, ಇಷ್ಟು ಇರಲಿ. ಆಗ ಮುಂದಿನ ವಿಚಾರಣೆಗೆ ಬರುವ ಜನರೂ ಹಳೆಯ ಮಾತನ್ನೇ ಹೇಳಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ. ನೀವು ಎಲ್ಲಿಗೆ ನಿಲ್ಲಿಸಿದ್ದೀರೋ ಅಲ್ಲಿಂದ ಶುರು ಮಾಡುತ್ತಾರೆ.

ಇವುಗಳಲ್ಲಿ ಹೆಚ್ಚಿನದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಸಭೆ ಹೇಗೆ ನಡೆಸಬೇಕು ಎಂಬ ನಿಯಮಗಳನ್ನು ಮಾಡಿಕೊಳ್ಳುವ ಅಧಿಕಾರ ಎಷ್ಟೋ ಆಯೋಗಗಳಿಗೆ ಈಗಾಗಲೇ ಇದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲೇ ಇದನ್ನು ಒಂದು ವಿಷಯವಾಗಿ ಸೇರಿಸಿ. ಆ ಚರ್ಚೆಯನ್ನೇ ಮೊದಲು ತೆರೆದ ಬಾಗಿಲಲ್ಲಿ ನಡೆಸಿ. ಬೇಡ ಎನ್ನುವ ಸದಸ್ಯರಿದ್ದರೆ ಅವರ ಕಾರಣಗಳನ್ನೂ ಕೇಳುವ ಆಸೆ ನನಗಿದೆ. ದಿನಾಂಕ, ಸಮಯ, ಜಾಗ ತಿಳಿಸಿದರೆ ನಾನೂ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಾಗರಿಕ